ಹಿಂದಿನ ಮುಚ್ಚಳ ತೆಗೆಯೋಕೆ ಮುಂಚೆ

ರಾಗಿ ಹೊಲದ ಕಳೆ ಬಗ್ಗೆ ಎರಡನೇ ಭಾಗ ಈ ವಾರ ಹಾಕ್ತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಇವತ್ತು ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಬರೀತೀನಿ. ನಿಮ್ಮಲ್ಲಿ ಯಾರಾದ್ರೂ ಅದೇ ತಪ್ಪು ಮಾಡೋದು ಬೇಡ ಅಂತ.

ಬೆಳೆ ಫೋಟೋಗಳ ಮಧ್ಯೆ ನಾನು ಹಳೇ ರೇಡಿಯೋ, ಟೇಪ್ ರೆಕಾರ್ಡರ್, ಕ್ಯಾಮೆರಾ, ಲೆನ್ಸು ಇವುಗಳ ಫೋಟೋನೂ ಹಾಕ್ತಿರೋದು ನಿಮಗೆ ಗೊತ್ತು. ಡೈರಿ ಹತ್ರ ಸಿಕ್ಕಿದೋರು "ಏನಣ್ಣ, ಗುಜರಿ ಅಂಗಡಿ ಇಡ್ತೀಯಾ?" ಅಂತ ನಗ್ತಾರೆ. ನಾನು ಒಂದು ವಸ್ತುವನ್ನೂ ಕೊಳ್ಳಲ್ಲ, ಮಾರಲ್ಲ. ಅವರವರ ಮನೆಗೆ ಹೋಗಿ ಫೋಟೋ ತೆಗೀತೀನಿ. ಯಾರು ತಂದಿದ್ದು, ಯಾವಾಗ, ಯಾವ ಬೆಳೆ ದುಡ್ಡಲ್ಲಿ ತಂದಿದ್ದು ಅಂತ ಕೇಳಿ ಬರ್ಕೊಳ್ತೀನಿ. ಅಷ್ಟೇ.

ಇದು ಶುರುವಾಗಿದ್ದು ನಮ್ಮಪ್ಪನ ಮರ್ಫಿ ರೇಡಿಯೋದಿಂದ. ವಾಲ್ವ್ ಸೆಟ್ಟು. ಸ್ವಿಚ್ ಹಾಕಿದ ತಕ್ಷಣ ಮಾತಾಡ್ತಿರಲಿಲ್ಲ, ವಾಲ್ವ್ ಕಾಯಬೇಕು, ಆಮೇಲೆ ಮೆಲ್ಲಗೆ ದನಿ ಬರೋದು. ಬೆಂಗಳೂರು ಆಕಾಶವಾಣಿ ಶುರುವಾಗಿದ್ದು 1955ರ ನವೆಂಬರ್ 2ಕ್ಕೆ. ಮೀಡಿಯಂ ವೇವ್‌ನಲ್ಲಿ ಅದರ ಜಾಗ 612 ಕಿಲೋಹರ್ಟ್ಜ್. ಅಪ್ಪನಿಗೆ ಓದು ಬರ್ತಿರಲಿಲ್ಲ. ಎಲೆ ಅಡಿಕೆ ಹಾಕೋವಾಗ ಬೆರಳಲ್ಲಿ ಉಳಿದಿದ್ದ ಸುಣ್ಣನ ಡಯಲ್ ಗಾಜಿನ ಮೇಲೆ ಆ ಜಾಗಕ್ಕೆ ಸರಿಯಾಗಿ ಒಂದು ಚುಕ್ಕೆ ಇಟ್ಟಿದ್ರು. ಮುಳ್ಳು ಚುಕ್ಕೆಗೆ ಬಂದ್ರೆ ಪ್ರದೇಶ ಸಮಾಚಾರ, ಕೃಷಿರಂಗ. ಆಗೆಲ್ಲ ರೇಡಿಯೋ ಇಟ್ಕೊಳ್ಳೋಕೂ ಲೈಸೆನ್ಸ್ ಬೇಕಿತ್ತು, ವರ್ಷ ವರ್ಷ ಪೋಸ್ಟಾಫೀಸಿಗೆ ದುಡ್ಡು ಕಟ್ಟಬೇಕಿತ್ತು. 80ರ ದಶಕದಲ್ಲಿ ಅದನ್ನ ತೆಗೆದುಹಾಕಿದ್ರು.

ಹಳೇ ಮನೆ ಕೆಡವಿದಾಗ ಆ ರೇಡಿಯೋನ ನಾನೇ ಗುಜರಿಯವನಿಗೆ ತೂಕಕ್ಕೆ ಹಾಕಿದೆ. ಒಂದು ಫೋಟೋನೂ ತೆಗೀಲಿಲ್ಲ. ಮರ್ಫಿ ರೇಡಿಯೋ ಚಿತ್ರ ಈಗ ಫೋನಲ್ಲಿ ಹುಡುಕಿದ್ರೆ ನೂರು ಸಿಗುತ್ತೆ. ಆ ಸುಣ್ಣದ ಚುಕ್ಕೆ ಇರೋದು ಒಂದೂ ಸಿಗಲ್ಲ.

ನಾನು ಫೋಟೋ ತೆಗೆಯೋ ವಿಧಾನ ತುಂಬ ಸುಲಭ. ಮೊಬೈಲೇ ಸಾಕು. ಬೆಳಿಗ್ಗೆ ಬಿಸಿಲು ನೇರ ಬೀಳದ ಕೊಟ್ಟಿಗೆ ಬಾಗಿಲಲ್ಲಿ ಕರೀ ಕಂಬಳಿ ಹಾಸಿ ವಸ್ತು ಇಡ್ತೀನಿ. ಕಂಬಳಿ ಬೆಳಕನ್ನ ಕುಡಿಯುತ್ತೆ, ಹಿಂದೆ ಬೇರೇನೂ ಕಾಣಲ್ಲ. ಕತ್ತಲಾಗಿರೋ ಪಕ್ಕಕ್ಕೆ ಒಂದು ಬಿಳೀ ಪಂಚೆ ಹಿಡಿಸಿದ್ರೆ ಅಲ್ಲಿಗೂ ಬೆಳಕು ಹೋಗುತ್ತೆ. ಫ್ಲ್ಯಾಶ್ ಹಾಕಲ್ಲ, ಡಯಲ್ ಗಾಜು ಹೊಳೆದು ಅಕ್ಷರ ಕಾಣಲ್ಲ. ಮೊದಲನೇ ಫೋಟೋ ಧೂಳು ಒರೆಸೋಕೆ ಮುಂಚೆ, ಎರಡನೇದು ಒರೆಸಿದ ಮೇಲೆ. ಒರೆಸೋವಾಗ ಅಪ್ಪನ ಸುಣ್ಣದಂಥ ಗುರುತು ಹೋಗಿಬಿಡಬಹುದು ಅಂತ ಈ ಪದ್ಧತಿ.

ಮೂರು ವರ್ಷದ ಹಿಂದೆ ತೂಬಗೆರೆ ಕಡೆ ಒಂದು ಮನೇಲಿ ಫಿಲಿಪ್ಸ್ ರೇಡಿಯೋ ಸಿಕ್ತು. ಹಿಂದಿನ ರಟ್ಟು ಬಿಚ್ಚಿ ನೋಡಿದ್ರೆ ವಾಲ್ವ್ ಗಾಜಿನ ಮೇಲೆ ಬಿಇಎಲ್ ಗುರುತು. ನಮ್ಮ ಜಾಲಹಳ್ಳಿ ಬಿಇಎಲ್! 1954ರಲ್ಲಿ ಶುರುವಾದ ಕಾರ್ಖಾನೆ, 1961ರಿಂದ ರೇಡಿಯೋ ವಾಲ್ವ್ ಮಾಡ್ತು. ಹೊರಗೆ ಪರದೇಶದ ಹೆಸರು, ಒಳಗೆ ನಮ್ಮ ಪಕ್ಕದ ಊರಿನ ಕೆಲಸ. ಅವತ್ತಿಂದ ಏನು ಸಿಕ್ಕಿದ್ರೂ ಹಿಂದಿನ ಮುಚ್ಚಳ ತೆಗೆದು ಒಳಗೆ ಇಣುಕೋ ಚಟ ಹತ್ತಿತು. ಆ ಚಟಾನೇ ನನ್ನ ಕೈಲಿ ತಪ್ಪು ಮಾಡಿಸಿದ್ದು.

ಹೋದ ಯುಗಾದಿ ಆದ ಮೇಲೆ ಪಕ್ಕದ ಹಳ್ಳಿಯ ಒಬ್ಬ ದೊಡ್ಡಮ್ಮ ಹೇಳಿ ಕಳಿಸಿದ್ರು. ಅವರ ಯಜಮಾನ್ರು ತೀರ್ಕೊಂಡು 30 ವರ್ಷದ ಮೇಲಾಯ್ತು. ಅವರ ಕ್ಯಾಮೆರಾ ಟ್ರಂಕಲ್ಲಿ ಸೀರೆ ಕೆಳಗಿತ್ತು. ಆಗ್ಫಾ ಕ್ಲಿಕ್ 3. ಬರೋಡದ ನ್ಯೂ ಇಂಡಿಯಾ ಇಂಡಸ್ಟ್ರೀಸ್‌ನಲ್ಲಿ ತಯಾರಾಗ್ತಿದ್ದ ಕ್ಯಾಮೆರಾ, ಒಂದು ಕಾಲಕ್ಕೆ ಮಧ್ಯಮ ವರ್ಗದ ಎಷ್ಟೋ ಮನೇಲಿ ಇದ್ದಿದ್ದು ಇದೇ. 120 ರೋಲು, ಚೌಕದ ಫೋಟೋ, ರೋಲಿಗೆ 12. ದ್ರಾಕ್ಷಿಗೆ ಒಳ್ಳೆ ರೇಟು ಸಿಕ್ಕಿದ ವರ್ಷ ತಂದ್ರಂತೆ.

ಮುಂದೆ, ಪಕ್ಕ, ಮೇಲೆ ಎಲ್ಲ ಕಡೆಯಿಂದ ತೆಗೆದೆ. ಆಮೇಲೆ ಅಭ್ಯಾಸದಂತೆ ಹಿಂದಿನ ಮುಚ್ಚಳ ತೆಗೆದೆ. ಒಳಗೆ ರೋಲಿತ್ತು.

ತಕ್ಷಣ ಮುಚ್ಚಿದೆ. ಎರಡು ಸೆಕೆಂಡೋ ಮೂರು ಸೆಕೆಂಡೋ ಆಗಿರಬಹುದು. ಆದ್ರೆ ನಾನು ನಿಂತಿದ್ದು ಬೆಳಗಿನ ಬೆಳಕಲ್ಲಿ, ಫಿಲ್ಮಿಗೆ ಅಷ್ಟು ಸಾಕು. ಹಿಂದೆ ಒಂದು ಸಣ್ಣ ಕೆಂಪು ಕಿಂಡಿ ಇರುತ್ತೆ, ಅದನ್ನ ಆಗ ನೋಡಿದೆ. 8 ಅಂತ ಕಾಣ್ತಿತ್ತು. ಅಂದ್ರೆ ಅವರು ಏಳೋ ಎಂಟೋ ಫೋಟೋ ತೆಗೆದಿದ್ರು. ಮಿಕ್ಕಿದ್ದು ತೆಗೆಯೋಕೆ ಆಯಸ್ಸು ಸಾಕಾಗಲಿಲ್ಲ. ಮೊದಲೇ ಆ ಕಿಂಡಿ ನೋಡಿದ್ರೆ ಮುಗೀತಿತ್ತು.

ದೊಡ್ಡಮ್ಮ ಒಳಗೆ ಕಾಫಿ ಕಾಯಿಸ್ತಿದ್ರು. ಸುಮ್ಮನೆ ಕ್ಯಾಮೆರಾ ಕೊಟ್ಟು ಹೋಗಿಬಿಡೋಣ ಅಂತ ಒಂದು ಗಳಿಗೆ ಅನ್ನಿಸ್ತು, ಸುಳ್ಳು ಯಾಕೆ ಹೇಳಲಿ. ಅವರಿಗೇನು ಗೊತ್ತಾಗ್ತಿರಲಿಲ್ಲ. ಕಾಫಿ ಲೋಟ ಕೈಗೆ ಬಂದ ಮೇಲೆ ಹೇಳಿದೆ. ಅವರು ಬೈಲಿಲ್ಲ. "ಗೊತ್ತಿಲ್ದೆ ಆಗಿದ್ದು ಬಿಡಪ್ಪ. ಅದರೊಳಗೆ ಏನೋ ಇದೆ ಅಂತ ನನಗೂ ಇಷ್ಟು ದಿನ ಗೊತ್ತಿರಲಿಲ್ಲ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಈಗ ನೋಡ್ಬೇಕು ಅನ್ನಿಸ್ತಿದೆ" ಅಂದ್ರು. ಬೈದಿದ್ರೇ ವಾಸಿಯಿತ್ತು.

ಗುಬುಟು ತಿರುಗಿಸಿ ರೋಲು ಪೂರ್ತಿ ಸುತ್ತಿಸಿದೆ. ರಾತ್ರಿ ದೀಪ ಆರಿಸಿ, ಕಂಬಳಿ ಒಳಗೆ ಕೈ ಹಾಕಿ ಹೊರಗೆ ತೆಗೆದು, ಟೇಪ್ ಅಂಟಿಸಿ, ಕರೀ ಪೇಪರಲ್ಲಿ ಸುತ್ತಿದೆ. 120 ರೋಲು ಕೊಡಕ್ ಕಂಪನಿ 1901ರಲ್ಲಿ ತಂದಿದ್ದು, ಇವತ್ತಿಗೂ ತಯಾರಾಗುತ್ತೆ. ಹಾಗಾಗಿ ತೊಳೆಯೋರು ಬೆಂಗಳೂರಲ್ಲಿ ಈಗಲೂ ಇದ್ದಾರೆ. ಅಲ್ಲಿಗೆ ತಗೊಂಡು ಹೋದೆ. ಅವರು ಹೇಳಿದ್ದು ಹೀಗೆ: ತೆಗೆದ ಫೋಟೋಗಳು ಒಂದರ ಮೇಲೊಂದು ಸುತ್ಕೊಂಡಿರುತ್ತವೆ, ಹಿಂದೆ ಕಾಗದ ಬೇರೆ ಇರುತ್ತೆ. ಬೆಳಕು ಬಿದ್ರೆ ಮೇಲಿನ ಸುತ್ತು ಹೋಗುತ್ತೆ. ಮೊದಲು ತೆಗೆದಿದ್ದು ಎಲ್ಲಕ್ಕಿಂತ ಒಳಗಿರುತ್ತೆ, ಅದು ಉಳಿದ್ರೆ ಉಳೀಬಹುದು. ಈರುಳ್ಳಿ ಮೇಲಿನ ಸಿಪ್ಪೆ ಕೊಳೆತರೂ ಒಳಗಿನದು ಗಟ್ಟಿ ಇರುತ್ತಲ್ಲ, ಹಾಗೆ.

ಎರಡು ಉಳಿದವು. ಅಂಚೆಲ್ಲ ಸುಟ್ಟಿದೆ, ಚಿತ್ರ ಮಸುಕು. ಮಿಕ್ಕಿದ್ದರಲ್ಲಿ ಏನೂ ಇಲ್ಲ.

ಮೊದಲನೇದು ಘಾಟಿ ದನಗಳ ಜಾತ್ರೆ. ಒಂದು ಜೊತೆ ಎತ್ತು ನಿಂತಿದೆ. ಆಗೆಲ್ಲ ಸೂರ್ಯ ಬೆನ್ನಿಗಿರಬೇಕು ಅಂತ ಫೋಟೋ ತೆಗೀತಿದ್ರು, ಅದಕ್ಕೆ ಎತ್ತಿನ ಕಾಲ ಮುಂದೆ ತೆಗೆದವರ ನೆರಳು ಬಿದ್ದಿದೆ. ತಲೆಗೆ ಟವಲ್ ಸುತ್ತಿರೋದು ಕಾಣುತ್ತೆ. ದೊಡ್ಡಮ್ಮ ಎತ್ತಿನ ಕಡೆ ನೋಡಲೇ ಇಲ್ಲ, ನೆರಳಿನ ಮೇಲೆ ಬೆರಳಿಟ್ರು.

ಎರಡನೇದು ಅವರ ತೋಟದ ಬಾವಿ. ಮೆಟ್ಟಿಲು ನಾಲ್ಕೋ ಐದೋ ಕಾಣುತ್ತೆ, ಆಮೇಲೆ ನೀರು. ಆ ಬಾವಿ ಮುಚ್ಚಿ ಎಷ್ಟೋ ವರ್ಷ ಆಯ್ತು. ಈಗ ಅದೇ ತೋಟದಲ್ಲಿ ಸಾವಿರ ಅಡಿ ಬೋರಿದೆ, ಬೇಸಿಗೇಲಿ ಗಾಳಿ ಬರುತ್ತೆ. ಅವರ ಮೊಮ್ಮಗ ಫೋಟೋ ಇಸ್ಕೊಂಡು "ಇದು ನಮ್ಮದೇನಾ?" ಅಂತ ಎರಡು ಸಲ ಕೇಳಿದ.

"ಮಿಕ್ಕಿದ್ದು?" ಅಂದ್ರು ದೊಡ್ಡಮ್ಮ.

"ನನ್ನ ಕೈಲಿ ಹೋಯ್ತು ದೊಡ್ಡಮ್ಮ" ಅಂದೆ. ಅವರು ಏನೂ ಹೇಳದೆ ಎದ್ದು ಹಸುಗೆ ನೀರಿಡೋಕೆ ಹೋದ್ರು.

ಈಗ ನಿಮಗೆ ಹೇಳಬೇಕಾಗಿರೋದು.

1. ಹಳೇ ಕ್ಯಾಮೆರಾ ಸಿಕ್ಕಿದ್ರೆ ಹಿಂದಿನ ಮುಚ್ಚಳ ತೆಗೀಬೇಡಿ. ಕೆಂಪು ಕಿಂಡಿ ಇದ್ರೆ ನಂಬರ್ ಕಾಣುತ್ತಾ ನೋಡಿ. ಕಿಂಡಿ ಇಲ್ದಿದ್ರೆ ರೋಲಿದೆ ಅಂತಲೇ ತಿಳ್ಕೊಂಡು, ಗೊತ್ತಿರೋರ ಕೈಲಿ ಕತ್ತಲಲ್ಲಿ ತೆಗೆಸಿ.

2. ವಾಲ್ವ್ ರೇಡಿಯೋನ ಹಾಡುತ್ತಾ ನೋಡೋಣ ಅಂತ ಕರೆಂಟಿಗೆ ಹಾಕಬೇಡಿ. ಒಳಗಿನ ಕೆಪಾಸಿಟರ್ ಹಾಳಾಗಿರುತ್ತೆ, ಸುಟ್ಟುಹೋಗುತ್ತೆ. ಒಂದು ವೇಳೆ ಹಾಕಿಬಿಟ್ಟಿದ್ರೆ, ಪ್ಲಗ್ ಕಿತ್ತ ಮೇಲೂ ಒಳಗೆ ಕೈ ಹಾಕಬೇಡಿ. ಮೋಟಾರ್ ಕೆಪಾಸಿಟರ್ ಹೇಗೆ ಹೊಡೆಯುತ್ತೆ ಅಂತ ನಮಗೆಲ್ಲ ಗೊತ್ತಲ್ಲ.

3. ಟ್ರಾನ್ಸಿಸ್ಟರ್, ಟಾರ್ಚು, ಟೇಪ್ ರೆಕಾರ್ಡರ್‌ಗಳಲ್ಲಿ ಹಳೇ ಸೆಲ್ ಇದ್ರೆ ಇವತ್ತೇ ತೆಗೀರಿ. ಸೋರಿ ತಗಡನ್ನ ತಿಂದುಹಾಕುತ್ತೆ.

4. ಕ್ಯಾಮೆರಾ, ಲೆನ್ಸು ಹುಳದ ಮನೇಲಿ ಇಡಬೇಡಿ. ನಾನು ಒಂದು ಮಳೆಗಾಲ ಇಟ್ಟಿದ್ದೆ. ಚಾಕಿ ಹುಳಕ್ಕೆ 80-85% ತೇವ ಬೇಕು, ಬೂಷ್ಟಿಗೂ ಅದೇ ಬೇಕು. ದ್ರಾಕ್ಷಿಗೆ ಬೂದಿ ರೋಗ ಬಂದ ಹಾಗೆ ಗಾಜಿನ ಒಳಗೆ ಬಿಳೀ ಎಳೆ ಹಬ್ಬುತ್ತೆ. ಗಾಜನ್ನೇ ತಿಂದುಬಿಟ್ರೆ ಒರೆಸಿದ್ರೂ ಹೋಗಲ್ಲ. ಗಾಳಿ ಆಡದ ಡಬ್ಬೀಲಿ ಸಿಲಿಕಾ ಜೆಲ್ ಹಾಕಿ ಇಡಿ. ನೀಲಿ ಕಾಳು ಗುಲಾಬಿ ಆದ್ರೆ ತೇವ ಕುಡಿದಿದೆ ಅಂತ, ಬಿಸಿ ಮಾಡಿ ಮತ್ತೆ ಬಳಸಿ.

5. ಗುಜರಿಗೆ ಹಾಕೋದೇ ಆದ್ರೆ ಹಾಕಿ, ಅದು ನಿಮ್ಮಿಷ್ಟ. ಮುಂಚೆ ಒಂದು ಫೋಟೋ ತೆಗೆದು, ಮನೇಲಿ ಹಿರಿಯರಿದ್ರೆ ಅವರ ಹತ್ರ ನಾಲ್ಕು ಮಾತು ಕೇಳಿ ಬರೆದಿಡಿ.

ಫೋಟೋ ತೆಗೆಯೋಕೆ ಆಗದಿದ್ರೆ ನನಗೆ ಹೇಳಿ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರ್ತೀನಿ. ಕಂಬಳಿ, ಪಂಚೆ ನಾನೇ ತರ್ತೀನಿ. ಮುಚ್ಚಳ ಮಾತ್ರ ನಾನೂ ತೆಗೆಯಲ್ಲ, ನೀವೂ ತೆಗೀಬೇಡಿ.

ರಾಗಿ ಕಳೆ ಮುಂದಿನ ವಾರ ಖಂಡಿತ.