ಎರೆಸೀಮೆಯ ಚಳಿಗಾಲದ ಹಾದಿ

ಚಳಿಗಾಲದ ವಾಹನ ಸಂಚಾರದ ಅಪಾಯವೆಂದೊಡನೆ ಹಿಮಾಲಯದ ಹಿಮ ಮುಚ್ಚಿದ ಕಣಿವೆಗಳು ಕಣ್ಣೆದುರು ನಿಲ್ಲುವುದು ಸಹಜ. ಆದರೆ ಹಿಮದ ಸುಳಿವೇ ಇಲ್ಲದ ಗದಗ ಜಿಲ್ಲೆಯ ನರಗುಂದ, ರೋಣ, ಗಜೇಂದ್ರಗಡಗಳ ಸೀಮೆಯಲ್ಲಿಯೂ ಮಾರ್ಗಶಿರ, ಪುಷ್ಯ ಮಾಸಗಳು ವಾಹನ ನಡೆಸುವವರನ್ನು ಚೆನ್ನಾಗಿಯೇ ಪರೀಕ್ಷಿಸುತ್ತವೆ. ಇಲ್ಲಿ ಸುಗ್ಗಿಯೇ ರಸ್ತೆಗೆ ಇಳಿದು ಬರುತ್ತದೆ.

ಹುಬ್ಬಳ್ಳಿಯಿಂದ ವಿಜಯಪುರದತ್ತ ಹೊರಟ ಹೆದ್ದಾರಿಯಲ್ಲಿ ನವಲಗುಂದವನ್ನು ದಾಟಿದರೆ ನರಗುಂದದ ಗುಡ್ಡ ಗೋಚರಿಸುತ್ತದೆ. 1858ರಲ್ಲಿ ಬ್ರಿಟಿಷರ ವಿರುದ್ಧ ಸಿಡಿದೆದ್ದ ಬಾಬಾಸಾಹೇಬನ ಕೋಟೆ ಇದ್ದುದು ಇದೇ ಗುಡ್ಡದ ಮೇಲೆ. ಸುತ್ತಲೂ ದಿಗಂತದವರೆಗೆ ಕಪ್ಪು ಎರೆಭೂಮಿ. ಅದರ ಮೇಲೆ ಬಿಳಿಜೋಳ, ಕಡಲೆ, ಕುಸುಬೆ. ಮಳೆಯಲ್ಲಿ ಉಬ್ಬಿ ಬಿಸಿಲಿನಲ್ಲಿ ಬಿರಿಯುವ ಈ ಮಣ್ಣು ತನ್ನ ಮೇಲಿನ ಡಾಂಬರನ್ನೂ ನೆಟ್ಟಗಿರಗೊಡುವುದಿಲ್ಲ. ರಸ್ತೆ ಅಲೆಯಲೆಯಾಗುತ್ತದೆ, ಅಂಚು ಕುಸಿಯುತ್ತದೆ. ನಿರ್ಮಲವಾದ ಆಕಾಶದ ರಾತ್ರಿಗಳಲ್ಲಿ ನೆಲ ಬೇಗನೆ ತಣಿಯುವುದರಿಂದ, ಮಲಪ್ರಭೆಯ ಕಾಲುವೆಗಳ ಬಳಿ ಮುಂಜಾನೆ ಒಮ್ಮೊಮ್ಮೆ ಮಂಜು ಕವಿಯುತ್ತದೆ. ಆಗ ಆ ಕುಸಿದ ಅಂಚೂ ಕಾಣದು.

ಬಿಸಿಲೇರಿ ಮಂಜು ಕರಗಿದ ಮೇಲೆ ರೋಣದ ಕಡೆಗೆ ತಿರುಗಿದ ಪ್ರವಾಸಿಗೆ ಮತ್ತೊಂದು ದೃಶ್ಯ ಎದುರಾಗುತ್ತದೆ. ರಸ್ತೆಯ ಅರ್ಧಭಾಗ, ಕೆಲವೆಡೆ ಪೂರ್ಣಭಾಗ, ಕೊಯ್ದು ತಂದ ಪೈರಿನಿಂದ ಮುಚ್ಚಿಹೋಗಿರುತ್ತದೆ. ಹೋಗಿಬರುವ ವಾಹನಗಳ ಗಾಲಿಗಳೇ ಒಕ್ಕಲು ಮಾಡಬೇಕು! ಹಿಂದೆ ಊರ ಹೊರಗೆ ಸಗಣಿ ಸಾರಿಸಿದ ಕಣದಲ್ಲಿ ಮೇಟಿಯ ಸುತ್ತ ಎತ್ತುಗಳ ಹಂತಿ ತಿರುಗುತ್ತಿತ್ತು. ಹಂತಿಯ ಹಾಡು ಇರುಳೆಲ್ಲ ಕೇಳಿಸುತ್ತಿತ್ತು. ಎತ್ತುಗಳು ಕಡಿಮೆಯಾದವು, ಕೂಲಿ ಏರಿತು, ಕಣ ಮಾಡುವ ವ್ಯವಧಾನ ಉಳಿಯಲಿಲ್ಲ. ಗಟ್ಟಿಯಾದ ಡಾಂಬರು ರಸ್ತೆ ಖರ್ಚಿಲ್ಲದ ಕಣವಾಗಿ ಒದಗಿತು. ರೈತನ ಕಷ್ಟವನ್ನು ಅರಿಯದೆ ಅವನನ್ನು ದೂರುವುದು ಸುಲಭ.

ಆದರೆ ಅಪಾಯ ಚಿಕ್ಕದಲ್ಲ. ಒಣಹೊಟ್ಟಿನ ಮೇಲೆ ಬ್ರೇಕು ಹಿಡಿಯದೆ ಗಾಲಿ ಜಾರುತ್ತದೆ. ಮೊದಲು ಉರುಳುವುದು ದ್ವಿಚಕ್ರ ವಾಹನ. ಕಾರಿನ ಅಡಿಯಲ್ಲಿ ಸುತ್ತಿಕೊಂಡ ಬಳ್ಳಿ, ಹೊಟ್ಟುಗಳು ಹೊಗೆಕೊಳವೆಯ ಕಾವಿಗೆ ಹೊತ್ತಿಕೊಳ್ಳಬಲ್ಲವು. ವಾಹನಗಳು ರಾಶಿಯ ಮೇಲೆಯೇ ಹಾಯಲೆಂದು ಪಕ್ಕದಲ್ಲಿ ಇಟ್ಟ ಕಲ್ಲುಗಳು, ಕಾಳು ಮನೆ ಸೇರಿದ ಮೇಲೂ ಕತ್ತಲಲ್ಲಿ ಅಲ್ಲಿಯೇ ಉಳಿದಿರುತ್ತವೆ.

ಗಾಳಿಯಂತ್ರಗಳು ತಿರುಗುವ ಗುಡ್ಡಗಳ ಗಜೇಂದ್ರಗಡ ನೇಕಾರರ ಊರು. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿಯ ಬಳಿ ಬನಶಂಕರಿಯ ತೇರು. ದೇವಾಂಗ ನೇಕಾರರಿಗೆ ಆಕೆ ಕುಲದೇವತೆ. ಆ ದಿನಗಳ ಇರುಳಿನಲ್ಲಿ ಕಂಬಳಿ ಹೊದ್ದ ಭಕ್ತರು ಸಾಲುಸಾಲಾಗಿ ರಸ್ತೆಯ ಅಂಚಿನಲ್ಲಿ ನಡೆಯುತ್ತಿರುತ್ತಾರೆ. ಅದೇ ದಾರಿಯಲ್ಲಿ ಹತ್ತಿ, ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಹಿಂದೀಪವಿಲ್ಲದ ಚಕ್ಕಡಿಗಳು.

ಇಂಥ ದಾರಿಗೆ ಹೊರಡುವವರ ಸಿದ್ಧತೆ ಏನಿರಬೇಕು? ಲಘು ವಾಹನ ಕಲಿಸುವ ಶಾಲೆಗಳಿಗೆ ಕೇಂದ್ರ ಮೋಟಾರು ವಾಹನ ನಿಯಮಗಳು ಕನಿಷ್ಠ 21 ದಿನಗಳ ತರಬೇತಿಯನ್ನು ವಿಧಿಸಿವೆ. ಎಂಟರ ಆಕಾರದಲ್ಲಿ ತಿರುಗಿಸಲು, ಹಿಂದಕ್ಕೆ ಚಲಿಸಲು ಅಲ್ಲಿ ಕಲಿಯಬಹುದು. ಹೊಟ್ಟಿನ ಮೇಲೆ ನಡೆಸುವುದನ್ನು ಈ ಸೀಮೆಯೇ ಕಲಿಸಬೇಕು. ಅದರ ಪಾಠಗಳು ಸರಳ. ಹೊರಡುವ ಮೊದಲು ಗಾಜನ್ನು ಒಳಗೂ ಹೊರಗೂ ಒರೆಸಿ, ಟೈರು, ಬ್ರೇಕು, ಹಿಂದೀಪಗಳನ್ನು ನೋಡಿಕೊಳ್ಳಬೇಕು. ಮಂಜಿನಲ್ಲಿ ದೀಪವನ್ನು ತಗ್ಗಿಸಬೇಕು. ಎತ್ತರಿಸಿದ ಬೆಳಕು ಮಂಜಿಗೆ ತಾಗಿ ಕಣ್ಣಿಗೇ ಮರಳುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗುತ್ತದೆ. ಕಾಲು ಬ್ರೇಕನ್ನು ತಲುಪುವಷ್ಟರಲ್ಲಿ ಅಷ್ಟು ದೂರ ಮುಗಿದಿರುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಬಲ್ಲ ವೇಗವೇ ತಕ್ಕ ವೇಗ. ರಾಶಿ ಕಂಡರೆ ಅದಕ್ಕೆ ಮುಂಚೆಯೇ ನಿಧಾನಿಸಬೇಕು. ಅದರ ಮೇಲೆ ಥಟ್ಟನೆ ಬ್ರೇಕು ಒತ್ತಬಾರದು, ಬಿಸಿ ಎಂಜಿನಿನ ಕಾರನ್ನು ನಿಲ್ಲಿಸಲೂಬಾರದು. ದಾಟಿದ ಮೇಲೆ ಒಮ್ಮೆ ಇಳಿದು, ಕಾರಿನಡಿಗೆ ಬಗ್ಗಿ ನೋಡುವುದು ಕ್ಷೇಮ.

ಸಿದ್ಧತೆ ಚಾಲಕನೊಬ್ಬನ ಹೊಣೆಯೂ ಅಲ್ಲ. ಜನವರಿಯ ರಸ್ತೆ ಸುರಕ್ಷತಾ ಸಪ್ತಾಹವು 2021ರಲ್ಲಿ ಮೊದಲ ಬಾರಿಗೆ ಒಂದು ತಿಂಗಳ ಕಾಲ ನಡೆಯಿತು. ಆ ದಿನಗಳಲ್ಲಿ ಕೇಳಿಬರುವ ಮಾತು ಚಕ್ಕಡಿಯ ಹಿಂಬದಿಗೆ ಹೊಳೆಯುವ ಪಟ್ಟಿಯಾಗಿ ಅಂಟಿದರೆ ಸಾರ್ಥಕ. ಸಾಮೂಹಿಕ ಕಣಗಳನ್ನು ಕಟ್ಟಿಸಿದ ಗ್ರಾಮ ಪಂಚಾಯಿತಿಗಳು ರಾಜ್ಯದಲ್ಲಿವೆ. ಊರೂರಿಗೂ ಅಂಥದೊಂದು ದೊರೆತರೆ ರಾಶಿ ತಾನಾಗಿಯೇ ರಸ್ತೆಯಿಂದ ಮೇಲೇಳುವುದು. ಅಲ್ಲಿಯವರೆಗೆ ದಾರಿಯಲ್ಲಿ ಹರಡಿರುವುದು ಒಂದು ಕುಟುಂಬದ ವರ್ಷದ ಅನ್ನ, ಎದುರಿಗೆ ಬರುತ್ತಿರುವುದು ಇನ್ನೊಂದು ಕುಟುಂಬದ ಜೀವ ಎಂಬುದನ್ನು ಇಬ್ಬರೂ ನೆನೆಯಬೇಕು. ಅರ್ಧ ಗಂಟೆ ತಡವಾಗಿ ಬಂದವರನ್ನೂ ಗಜೇಂದ್ರಗಡದ ಕಾಲಕಾಲೇಶ್ವರನು ಹಿಂದಕ್ಕೆ ಕಳುಹಿಸುವುದಿಲ್ಲ.