ದೋಣಿಯ ಸಾಲ

ಕಳೆದ ಭಾನುವಾರ ಏಳನೇ ತರಗತಿಯ ಮೊಮ್ಮಗಳ ಜೊತೆ ಕುಳಿತು 'ಚೆಮ್ಮೀನ್' ಸಿನಿಮಾ ನೋಡಿದೆ. ಮಲಯಾಳದಲ್ಲಿ ಚೆಮ್ಮೀನ್ ಎಂದರೆ ಸಿಗಡಿ. ತಕಳಿ ಶಿವಶಂಕರ ಪಿಳ್ಳೆಯವರ ಕಾದಂಬರಿಯನ್ನು ರಾಮು ಕಾರ್ಯಾಟ್ 1965ರಲ್ಲಿ ತೆರೆಗೆ ತಂದರು. ಅತ್ಯುತ್ತಮ ಚಿತ್ರಕ್ಕೆ ಆಗ ಕೊಡುತ್ತಿದ್ದ ರಾಷ್ಟ್ರಪತಿಗಳ ಚಿನ್ನದ ಪದಕ ಪಡೆದ ದಕ್ಷಿಣ ಭಾರತದ ಮೊದಲ ಚಿತ್ರ ಅದು.

ಎಲ್ಲರೂ ಇದನ್ನು ಕರುತ್ತಮ್ಮ ಮತ್ತು ಪರೀಕುಟ್ಟಿಯ ಪ್ರೇಮಕತೆ ಎನ್ನುತ್ತಾರೆ. ನನ್ನ ಮೊಮ್ಮಗಳಿಗೆ ಮಾತ್ರ ಸಿಟ್ಟು ಬಂದದ್ದು ಕರುತ್ತಮ್ಮನ ಅಪ್ಪ ಚೆಂಬನ್‌ಕುಂಞಿಯ ಮೇಲೆ. ದೋಣಿ, ಬಲೆ ಕೊಳ್ಳಲು ಅವನು ಪರೀಕುಟ್ಟಿಯಿಂದ ಹಣ ಪಡೆಯುತ್ತಾನೆ. ಹಿಡಿದ ಮೀನನ್ನು ನಿನಗೇ ಕೊಡುತ್ತೇನೆ ಎಂದು ಮಾತು ಕೊಡುತ್ತಾನೆ. ದೋಣಿ ಬಂದ ಮೇಲೆ ಮೀನು ಬೇರೆಯವರ ಪಾಲಾಗುತ್ತದೆ. ಕೊಟ್ಟವನು ಬರಿಗೈಯಾಗುತ್ತಾನೆ.

"ಸಾಲ ತಗೊಂಡ ಮೇಲೆ ವಾಪಸ್ ಕೊಡಬೇಕಲ್ವಾ ಅಜ್ಜ?"

"ಕೊಡಬೇಕು ಪುಟ್ಟಿ" ಎಂದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ಇನ್ನೇನು ಹೇಳಲಿ? ಆದರೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಹಿಂದೆ ನೋಡಿದ್ದ ಇನ್ನೊಂದು ಚಿತ್ರದ ಕತೆ ಹೇಳಿದೆ.

ಅದು ಇಟಲಿಯ ವಿಸ್ಕೊಂಟಿ 1948ರಲ್ಲಿ ಮಾಡಿದ 'ಲಾ ತೆರ್ರಾ ತ್ರೇಮಾ'. ಸಿಸಿಲಿ ದ್ವೀಪದ ಆಚಿ ತ್ರೆಜ್ಜಾ ಎಂಬ ಹಳ್ಳಿಯ ಬೆಸ್ತರೇ ಅದರ ನಟರು. ಅವರು ಆಡುವುದೂ ತಮ್ಮ ಮನೆಮಾತನ್ನೇ. ದಲ್ಲಾಳಿಗಳ ಹಂಗು ಬೇಡವೆಂದು ಒಬ್ಬ ತರುಣ ಮನೆಯನ್ನೇ ಬ್ಯಾಂಕಿಗೆ ಒತ್ತೆಯಿಟ್ಟು ಸ್ವಂತ ಮೀನುಗಾರಿಕೆ ಆರಂಭಿಸುತ್ತಾನೆ. ಒಂದು ಬಿರುಗಾಳಿಗೆ ದೋಣಿ ಹಾಳಾಗುತ್ತದೆ. ಬ್ಯಾಂಕು ಮನೆಯನ್ನು ತೆಗೆದುಕೊಳ್ಳುತ್ತದೆ. ಕೊನೆಗೆ ಅವನು ಅದೇ ದಲ್ಲಾಳಿಗಳ ದೋಣಿಯಲ್ಲಿ ಕೂಲಿಗೆ ಹೋಗುತ್ತಾನೆ. ಅವನು ಯಾರಿಗೂ ಮೋಸ ಮಾಡಿದವನಲ್ಲ.

"ಹಾಗಾದರೆ ತಪ್ಪು ಯಾರದ್ದು?" ಎಂದಳು.

ಆಗ, ಮನೆಯಲ್ಲಿ ಯಾರಿಗೂ ಹೇಳಿರದ ಒಂದು ಸಂಗತಿ ಬಾಯಿಗೆ ಬಂತು.

1978ರಲ್ಲಿ ನಾನು ಕರಾವಳಿಯ ಒಂದು ಶಾಖೆಯಲ್ಲಿದ್ದೆ. ಆಷಾಢದ ಮಳೆ ಹೊಡೆಯುತ್ತಿತ್ತು. ಒಬ್ಬ ಮೀನುಗಾರರು ಒದ್ದೆಯಾದ ಲಕೋಟೆ ಹಿಡಿದು ಕೌಂಟರಿಗೆ ಬಂದರು. "ಇದರಲ್ಲಿ ಎಂತ ಬರೆದದ್ದು, ಒಮ್ಮೆ ಓದಿ ಹೇಳಿ ಮಾರಾಯ್ರೆ" ಎಂದರು. ಬಿಡಿಸಿ ನೋಡಿದರೆ ಹಿಂದಿನ ವಾರ ನಾನೇ ಟೈಪ್ ಮಾಡಿದ ನೋಟೀಸು. ಮೂರು ಕಂತು ಬಾಕಿ, ಹದಿನೈದು ದಿನದೊಳಗೆ ಕಟ್ಟದಿದ್ದರೆ ದೋಣಿ ಜಪ್ತಿ. ಇಂಗ್ಲಿಷಿನಲ್ಲಿದ್ದ ನನ್ನ ಕಾಗದವನ್ನು ನಾನೇ ಕನ್ನಡದಲ್ಲಿ ಓದಿ ಹೇಳಿದೆ. ಬರೆದವನು ನಾನು ಎಂದು ಮಾತ್ರ ಹೇಳಲಿಲ್ಲ.

ಅವರು ಸಿಟ್ಟಾಗಲಿಲ್ಲ. ಮೇ ತಿಂಗಳ ಗಾಳಿಗೆ ಹಲಗೆ ಒಡೆದು, ದೋಣಿ ದಡದಲ್ಲಿ ತೆಂಗಿನ ಮಡಲು ಹೊದ್ದು ಮಲಗಿದೆ ಎಂದರು. "ನೂಲಹುಣ್ಣಿಮೆ ಕಳೆಯಲಿ. ಕಡಲಿಗೆ ಹಾಲು, ಕಾಯಿ ಕೊಟ್ಟು ದೋಣಿ ಇಳಿಸಿದ ಮೇಲೆ ಕಟ್ಟುವ" ಎಂದರು. ನಮ್ಮ ಲೆಡ್ಜರಿನಲ್ಲಿ ಜುಲೈಗೂ ಡಿಸೆಂಬರಿಗೂ ಒಂದೇ ಅಳತೆಯ ಕಂತು. ಮಳೆಗಾಲಕ್ಕೆಂದು ಬೇರೆ ಅಂಕಣ ಇರಲಿಲ್ಲ. ಮ್ಯಾನೇಜರರ ಬಳಿ ಹೋಗಿ ಎರಡು ತಿಂಗಳ ಗಡುವು ಕೇಳಬಹುದಿತ್ತು. ಹೊಸ ನೌಕರಿ, ಹೆದರಿಕೆ. ಕೇಳಲಿಲ್ಲ.

"ಅವರ ದೋಣಿ ಏನಾಯ್ತು ಅಜ್ಜ?"

"ಗೊತ್ತಿಲ್ಲ. ಮುಂದಿನ ತಿಂಗಳೇ ನನಗೆ ವರ್ಗವಾಯಿತು."

"ಕಾಗದ ಬರೆದು ಕೇಳಲಿಲ್ವಾ?"

ಇಲ್ಲವೆಂದು ತಲೆಯಾಡಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಲ್ಲಿಸಿದ್ದ ಸಿನಿಮಾವನ್ನು ಮತ್ತೆ ಹಾಕಿದಳು. ಪಳನಿ ಒಬ್ಬನೇ ದೋಣಿಯಲ್ಲಿ ರಾತ್ರಿಯ ಕಡಲಿಗೆ ಹೊರಟಿದ್ದ. ಇಬ್ಬರೂ ಆ ದೋಣಿಯನ್ನೇ ನೋಡುತ್ತಾ ಕುಳಿತೆವು.