ಹೆಸರಿಡುವ ಹೊಣೆ

ನಿಮ್ಮ ಮಕ್ಕಳು ಆಡುವ ‘ಮೈನ್‌ಕ್ರಾಫ್ಟ್’ ಎಂಬ ಆಟವನ್ನು ಎಂದಾದರೂ ಗಮನಿಸಿದ್ದೀರಾ? ಸ್ವೀಡನ್ನಿನ ಮೊಜಾಂಗ್ ಸಂಸ್ಥೆಯು 2011ರಲ್ಲಿ ಪೂರ್ಣರೂಪದಲ್ಲಿ ಹೊರತಂದ ಈ ಆಟದಲ್ಲಿ ಮಕ್ಕಳು ಮಣ್ಣು ಅಗೆಯುತ್ತಾರೆ, ಮರ ಕಡಿಯುತ್ತಾರೆ, ಕಲ್ಲು ಪೇರಿಸಿ ಮನೆ ಕಟ್ಟುತ್ತಾರೆ. ಅಲ್ಲಿನ ಪ್ರತಿಯೊಂದು ವಸ್ತುವಿಗೂ ಅಧಿಕೃತ ಹೆಸರೊಂದಿದೆ. ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯಲ್ಲಿ ಆ ಹೆಸರುಗಳನ್ನು ಕನ್ನಡದಲ್ಲಿಯೂ ಓದಬಹುದು.

ಈ ಕನ್ನಡ ಹೆಸರುಗಳನ್ನು ನಿರ್ಧರಿಸುವುದು ಯಾವ ಅಕಾಡೆಮಿಯೂ ಅಲ್ಲ. ‘ಕ್ರೌಡಿನ್’ ಎಂಬ ಅಂತರ್ಜಾಲ ತಾಣದಲ್ಲಿ ಸ್ವಯಂಸೇವಕರು ಹೆಸರನ್ನು ಸೂಚಿಸುತ್ತಾರೆ. ಇತರರು ಮತ ನೀಡುತ್ತಾರೆ. ಪರಿಶೀಲಕರು ಒಪ್ಪಿದ ಬಳಿಕ ಅದು ಆಟವನ್ನು ಸೇರುತ್ತದೆ.

ಹೆಸರೊಂದು ನೆಲೆನಿಲ್ಲಬೇಕಾದರೆ ಎರಡು ಗುಣಗಳು ಬೇಕು. ಅದು ಬಳಸುವವರ ನಾಲಗೆಗೆ ಪರಿಚಿತವಾಗಿರಬೇಕು. ಒಂದು ವಸ್ತುವನ್ನು ಇನ್ನೊಂದರಿಂದ ಬೇರ್ಪಡಿಸಿ ತೋರಿಸಬೇಕು. ಈ ಆಟದಲ್ಲಿ ಬಹುಕಾಲ ಇಂಗ್ಲಿಷಿನಲ್ಲಿ ಬರಿಯ ‘ಹುಲ್ಲು’ ಎನಿಸಿಕೊಂಡಿದ್ದ ಸಸ್ಯಕ್ಕೆ 2023ರ ಡಿಸೆಂಬರಿನಲ್ಲಿ ‘ಗಿಡ್ಡ ಹುಲ್ಲು’ ಎಂಬರ್ಥದ ಹೆಸರು ಬಂತು. ಎತ್ತರದ ಹುಲ್ಲು ಬೇರೆಯೇ ಇತ್ತಲ್ಲವೇ?

ನಮ್ಮ ಹಿರಿಯರು ಮಾಡಿದ್ದೂ ಇದನ್ನೇ. ಬ್ರಹ್ಮಾವರದಿಂದ ಬೈಂದೂರಿನವರೆಗೆ ‘ಗದ್ದೆ’ ಎಂಬ ಒಂದೇ ಮಾತು ರೈತನಿಗೆ ಸಾಲಲಿಲ್ಲ. ನೀರು ನಿಲ್ಲುವ ತಗ್ಗಿನದು ಬೈಲು, ನಡುವಣದು ಮಜಲು, ಮಳೆಯನ್ನೇ ನಂಬಿದ ಎತ್ತರದ್ದು ಬೆಟ್ಟು. ಬೇಸಾಯದ ಅಗತ್ಯದಿಂದ ಹುಟ್ಟಿದ ಈ ಹೆಸರುಗಳು ಊರವರ ಒಪ್ಪಿಗೆಯಿಂದ ಉಳಿದವು.

ಮನೆ ಕಟ್ಟುವ ಕೆಂಪು ಕಲ್ಲನ್ನು ಪುಸ್ತಕದ ಭಾಷೆ ‘ಜಂಬಿಟ್ಟಿಗೆ’ ಎನ್ನುತ್ತದೆ. ನಾವು ‘ಮುರಕಲ್ಲು’ ಎನ್ನುತ್ತೇವೆ. ಎರಡೂ ಕನ್ನಡವೇ. ಆದರೆ ಅಧಿಕೃತ ಪಟ್ಟಿಯಲ್ಲಿ ಒಂದು ವಸ್ತುವಿಗೆ ಒಂದೇ ಹೆಸರಿಗೆ ಎಡೆ. ನಾಳೆ ಇಂತಹ ಕಲ್ಲೊಂದು ಆಟದೊಳಗೆ ಬಂದಾಗ ಮುರಕಲ್ಲಿನ ಮನೆಯವರೇ ಮೌನವಾಗಿದ್ದರೆ, ನಮ್ಮ ಮಾತು ಸೋಲುವುದು ಅದು ಕೀಳೆಂದಲ್ಲ. ಯಾರೂ ಅದನ್ನು ಹೇಳಲಿಲ್ಲವೆಂದು.

ಆಷಾಢದ ಅಮಾವಾಸ್ಯೆಯಂದು 2019ರಿಂದ ‘ವಿಶ್ವ ಕುಂದಾಪ್ರ ಕನ್ನಡ ದಿನ’ವನ್ನು ಆಚರಿಸುತ್ತಿರುವುದು ಸಂತೋಷದ ವಿಷಯ. ಆದರೆ ವರುಷಕ್ಕೊಂದು ದಿನದ ಉತ್ಸವದಿಂದ ಮಾತು ಬದುಕದು. ಉಳುವವರಿಲ್ಲದ ಗದ್ದೆ ಹಡಿಲು ಬೀಳುವಂತೆ, ಆಡುವವರಿಲ್ಲದ ಮಾತೂ ಹಡಿಲು ಬೀಳುತ್ತದೆ. ಆಟದಲ್ಲಿ ಕಲಿತ ಹೆಸರನ್ನು ಮಗು ಸುಲಭವಾಗಿ ಮರೆಯುವುದಿಲ್ಲ.

ಆದುದರಿಂದ ಹೆತ್ತವರೇ, ಅಜ್ಜ ಅಜ್ಜಿಯರೇ, ಆಟ ಸಾಕು ಎಂದು ಗದರುವ ಮೊದಲು ಒಮ್ಮೆ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ. ‘ಇದಕ್ಕೆ ಏನು ಹೆಸರು?’ ಎಂದು ಕೇಳಿ. ಅದು ಹೇಳಿದ್ದನ್ನು ಪ್ರೀತಿಯಿಂದ ಆಲಿಸಿ. ಬಳಿಕ ನಿಮ್ಮ ಬಳಿಯಿರುವ ಹೆಸರನ್ನು ಅದರ ಕೈಗಿಡಿ.